ಕಿಣ್ವ ಇರುವುದು ಬೇರೆ, ದುಡಿಯುವುದು ಬೇರೆ

ಪ್ರಶ್ನೆ: ನಾನು ಧಾರವಾಡದಲ್ಲಿ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಗಡ್ಡೆ ಇರುವ ಕಡೆ ಒಂದು ದ್ರಾವಣ ಸಿಂಪಡಿಸಿದರೆ ಒಂದೇ ನಿಮಿಷದಲ್ಲಿ ಕ್ಯಾನ್ಸರ್ ಇರುವ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ, ಆ ಹೊಳಪು ಒಂದು ಕಿಣ್ವದ ಚಟುವಟಿಕೆಯನ್ನು ತೋರಿಸುತ್ತದೆ ಎಂದು ಓದಿದೆ. ಕಿಣ್ವ ಎಷ್ಟಿದೆ ಎಂಬುದು ರಕ್ತಪರೀಕ್ಷೆಯಲ್ಲೇ ತಿಳಿಯುವಾಗ ಇದರ ಅಗತ್ಯವೇನು? ಹೊಳೆದದ್ದು ಆ ಕಿಣ್ವದಿಂದಲೇ ಎಂದು ನಂಬುವುದು ಹೇಗೆ? ಮನುಷ್ಯರಲ್ಲಿ ಇದು ಬಳಕೆಗೆ ಬಂದಿದೆಯೇ? ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇಂಥದ್ದೊಂದನ್ನು ಮಾಡಿ ನೋಡಬಹುದೇ?

ಉತ್ತರ: ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದು, ಅಂದರೆ ನಂಬುವುದು ಹೇಗೆ ಎಂಬುದು, ನನ್ನನ್ನು ಎಷ್ಟೋ ವರ್ಷಗಳಿಂದ ಕಾಡಿದ ಪ್ರಶ್ನೆ. ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಆದರೆ ಅಲ್ಲಿಗೆ ಹೋಗಲು ಮೊದಲ ಪ್ರಶ್ನೆಯ ಮೂಲಕವೇ ಹಾದುಹೋಗಬೇಕು.

ಕೆರೆಯ ಹೂಳೆತ್ತುವ ಕೆಲಸಕ್ಕೆ ಹಾಜರಿ ಪುಸ್ತಕದಲ್ಲಿ ನೂರು ಹೆಸರುಗಳಿವೆ ಎಂದುಕೊಳ್ಳಿ. ಆ ಪುಸ್ತಕ ನೋಡಿ ಎಷ್ಟು ಬುಟ್ಟಿ ಮಣ್ಣು ಎದ್ದಿತು ಎಂದು ಹೇಳಲು ಬರುವುದಿಲ್ಲ. ಕಿಣ್ವಗಳ ವಿಷಯವೂ ಹೀಗೆಯೇ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ದಂಡಿಯಾಗಿ ತಯಾರಾಗುತ್ತದೆ, ಆದರೆ ಟ್ರಿಪ್ಸಿನೋಜೆನ್ ಎಂಬ ನಿಷ್ಕ್ರಿಯ ರೂಪದಲ್ಲಿ. ಸಣ್ಣ ಕರುಳಿಗೆ ಬಂದ ಮೇಲೆ ಎಂಟರೋಪೆಪ್ಟಿಡೇಸ್ ಎಂಬ ಇನ್ನೊಂದು ಕಿಣ್ವ ಅದರ ತುದಿಯ ತುಣುಕನ್ನು ತೆಗೆದಾಗಲೇ ಅದು ಕೆಲಸಕ್ಕೆ ಇಳಿಯುವುದು. ಗ್ರಂಥಿಯ ಒಳಗೇ ಅದು ಎಚ್ಚೆತ್ತರೆ ಗ್ರಂಥಿಯನ್ನೇ ಜೀರ್ಣಿಸತೊಡಗುತ್ತದೆ. ಉಗ್ರ ಪ್ಯಾಂಕ್ರಿಯಟೈಟಿಸ್‌ನ ಒಂದು ಮೂಲ ಅಲ್ಲಿದೆ. ಒಟ್ಟು ಪ್ರೋಟೀನಿನ ಪ್ರಮಾಣವನ್ನಷ್ಟೇ ಅಳೆದರೆ ಆರೋಗ್ಯವಂತನಿಗೂ ರೋಗಿಗೂ ಅಂತರ ಕಾಣದೇ ಹೋಗಬಹುದು. ಇದಲ್ಲದೆ ದೇಹದಲ್ಲಿ ಪ್ರತಿಬಂಧಕ ಪ್ರೋಟೀನುಗಳಿವೆ. ಕೆಥೆಪ್ಸಿನ್ ಎಂಬ ಕಿಣ್ವಗಳಿಗೆ ಸಿಸ್ಟಾಟಿನ್‌ಗಳು ಅಂಟಿಕೊಂಡು ಬಾಯಿ ಕಟ್ಟಿರುತ್ತವೆ. ಆಂಟಿಬಾಡಿ ಹಾಕಿ ಬಣ್ಣ ಕಟ್ಟಿಸಿದರೆ ಬಾಯಿ ಕಟ್ಟಿದ್ದೂ ಬಿಚ್ಚಿದ್ದೂ ಒಂದೇ ಬಣ್ಣಕ್ಕೆ ತಿರುಗುತ್ತವೆ.

ನೀವು ಓದಿದ ಸುದ್ದಿಯ ಕಿಣ್ವ ಗಾಮಾ ಗ್ಲುಟಾಮೈಲ್ ಟ್ರಾನ್ಸ್‌ಫರೇಸ್. ಯಕೃತ್ತಿನ ಪರೀಕ್ಷೆಯ ವರದಿಯಲ್ಲಿ ಜಿಜಿಟಿ ಎಂದು ನಮೂದಾಗುವುದು ಇದೇ. ಆ ಸಂಖ್ಯೆ ರಕ್ತಕ್ಕೆ ಬಂದು ಸೇರಿದ ಜಿಜಿಟಿಯ ಲೆಕ್ಕ ಮಾತ್ರ. ಅದು ಎಲ್ಲಿಂದ ಬಂತು, ಹೊಟ್ಟೆಯೊಳಗಿನ ಯಾವ ಪೊರೆಯ ಯಾವ ಚುಕ್ಕೆಯಲ್ಲಿ ಈ ಕ್ಷಣ ದುಡಿಯುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಶಸ್ತ್ರಚಿಕಿತ್ಸಕರಿಗೆ ಬೇಕಾದದ್ದು ಆ ಚುಕ್ಕೆ. ಟೋಕಿಯೊ ವಿಶ್ವವಿದ್ಯಾಲಯದ ಯಾಸುತೆರು ಉರಾನೊ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿಸಾತಾಕಾ ಕೊಬಾಯಾಶಿ ಅವರ ತಂಡ 2011ರಲ್ಲಿ ತೋರಿಸಿದ್ದು ಅದನ್ನೇ. ಅಂಡಾಶಯದ ಕ್ಯಾನ್ಸರ್ ಕೋಶಗಳು ಹರಡಿದ್ದ ಇಲಿಗಳ ಹೊಟ್ಟೆಯೊಳಗೆ ಶೋಧಕವನ್ನು, ಅಂದರೆ ಕಿಣ್ವ ಮುಟ್ಟಿದಾಗ ಹೊಳೆಯುವ ಅಣುವನ್ನು, ಸಿಂಪಡಿಸಿದಾಗ, ಒಂದು ಮಿಲಿಮೀಟರ್‌ಗಿಂತ ಸಣ್ಣ ಗಂಟುಗಳೂ ನಿಮಿಷದೊಳಗೆ ಹೊಳೆಯಲು ತೊಡಗಿದವು.

ಈ ಕೆಲಸದಲ್ಲಿ ಹೊರಗಿನವರಿಗೆ ಬೆರಗು ಹುಟ್ಟಿಸುವುದು ಬೆಳಕು. ನನಗೆ ಬೆರಗು ಹುಟ್ಟಿಸುವುದು ಅದಕ್ಕೂ ಮುಂಚಿನ ಕತ್ತಲೆ. ಪ್ರತಿದೀಪ್ತಿ ಎಂಬುದು ಅಪರೂಪದ್ದೇನಲ್ಲ. ಅತಿನೇರಳೆ ದೀಪದಡಿ ಅರಿಶಿನ ಹೊಳೆಯುತ್ತದೆ, ಸೊಪ್ಪಿನ ರಸ ಕೆಂಪಾಗಿ ಹೊಳೆಯುತ್ತದೆ, ನೋಟಿನ ಸಂಖ್ಯೆ ಹೊಳೆಯುತ್ತದೆ. ಒಂದು ಬಣ್ಣದ ಬೆಳಕನ್ನು ಕುಡಿದು ಅದಕ್ಕಿಂತ ಉದ್ದದ ತರಂಗಾಂತರದ ಇನ್ನೊಂದು ಬಣ್ಣವನ್ನು ಬಿಡುವುದು ಎಷ್ಟೋ ಅಣುಗಳ ಸಹಜ ಗುಣ. ಕಷ್ಟವಿರುವುದು ಅಂಥ ಅಣುವನ್ನು ಕಿಣ್ವ ಮುಟ್ಟುವ ತನಕ ಪೂರ್ತಿ ಕತ್ತಲಲ್ಲಿ ಇಡುವುದರಲ್ಲಿ. ಹತ್ತು ಪಾಲಿನಲ್ಲಿ ಒಂದು ಪಾಲು ಬೆಳಕು ಮೊದಲೇ ಸೋರಿದರೂ ಇಡೀ ಇಲಿ ಮಂಕಾಗಿ ಬೆಳಗಿ, ಗಡ್ಡೆ ಆ ಮಂಕಿನಲ್ಲಿ ಮುಳುಗಿಹೋಗುತ್ತದೆ.

ಕತ್ತಲಲ್ಲಿಡಲು ಮುಖ್ಯವಾಗಿ ಎರಡು ಉಪಾಯಗಳಿವೆ. ಒಂದು, ಬೆಳಕು ಬಿಡುವ ಅಣುವಿನ ಪಕ್ಕದಲ್ಲೇ ಅದರ ಶಕ್ತಿಯನ್ನು ನುಂಗುವ ಇನ್ನೊಂದು ಅಣುವನ್ನು ಕಟ್ಟಿಹಾಕುವುದು. ಇದನ್ನು ಕ್ವೆಂಚರ್ ಎನ್ನುತ್ತೇವೆ. ಇವೆರಡರ ನಡುವಿನ ದಾರ ಒಂದು ಪುಟ್ಟ ಪೆಪ್ಟೈಡ್, ಅಂದರೆ ಅಮೈನೊ ಆಮ್ಲಗಳ ಸರಪಳಿ. ಕಿಣ್ವ ಅದನ್ನು ಕತ್ತರಿಸಿದ ಕ್ಷಣ ಅವು ದೂರವಾಗಿ ಬೆಳಕು ಹೊಮ್ಮುತ್ತದೆ. ಶಕ್ತಿ ದಾಟುವ ವೇಗ ದೂರದ ಆರನೆಯ ಘಾತಕ್ಕೆ ತಕ್ಕಂತೆ ಕುಸಿಯುವುದರಿಂದ, ದೂರ ಎರಡು ಪಟ್ಟಾದರೆ ಅದು ಅರುವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೆಲವೇ ನ್ಯಾನೋಮೀಟರ್ ದೂರವಾದರೂ ಸಾಕೆನ್ನುವುದು ಇದಕ್ಕೇ. 1999ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಾಲ್ಫ್ ವೈಸ್‌ಲೆಡರ್ ಅವರ ತಂಡ ಕ್ವೆಂಚರ್ ಕೂಡ ಇಲ್ಲದೆ ಇದನ್ನು ಸಾಧಿಸಿತು. ಉದ್ದನೆಯ ಪಾಲಿಲೈಸಿನ್ ಎಳೆಯ ಮೇಲೆ ಸೈ 5.5 ಎಂಬ ಬಣ್ಣದ ಅಣುಗಳನ್ನು ಒತ್ತೊತ್ತಾಗಿ ಕೂರಿಸಿದರು. ಹತ್ತಿರ ಕುಳಿತವು ಒಂದರ ಬೆಳಕನ್ನು ಒಂದು ನಂದಿಸುತ್ತಿದ್ದವು. ಗಡ್ಡೆಯೊಳಗಿನ ಪ್ರೋಟೀಸ್‌ಗಳು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು, ಎಳೆಯನ್ನು ತುಂಡರಿಸಿದಾಗ ಇಲಿಯಲ್ಲಿ ಬೆಳಕು 12 ಪಟ್ಟು ಹೆಚ್ಚಿತು. ಜೀವಂತ ಪ್ರಾಣಿಯಲ್ಲಿ ಕಿಣ್ವದ ಕೆಲಸವನ್ನು ಹೊರಗಿನಿಂದ ನೋಡುವ ಈ ಕ್ಷೇತ್ರಕ್ಕೆ ದಾರಿ ತೆರೆದ ಪ್ರಯೋಗಗಳಲ್ಲಿ ಅದು ಮುಖ್ಯವಾದದ್ದು.

ಎರಡನೆಯ ಉಪಾಯ ಬೆಳಕಿನ ಅಣುವಿನ ಆಕಾರವನ್ನೇ ಮಡಚಿಡುವುದು. ಉರಾನೊ ಅವರ ಶೋಧಕದಲ್ಲಿರುವುದು ಇದು. ರೋಡಮೀನ್ ಜಾತಿಯ ಅಣುವಿಗೆ ಗ್ಲುಟಾಮಿಕ್ ಆಮ್ಲದ ತುಣುಕನ್ನು ಜೋಡಿಸಿದಾಗ ಅದರೊಳಗಿನ ಒಂದು ಉಂಗುರ ಮುಚ್ಚಿಕೊಂಡು, ಅಣು ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಜಿಜಿಟಿ ಆ ತುಣುಕನ್ನು ಕಳಚಿದೊಡನೆ ಉಂಗುರ ತೆರೆದು ಹಸಿರು ಬೆಳಕು ಹೊಮ್ಮುತ್ತದೆ. ಅಣು ಚಿಕ್ಕದು, ಪ್ರತಿಕ್ರಿಯೆ ಶೀಘ್ರ. ಒಂದು ನಿಮಿಷದ ಗುಟ್ಟು ಇದು. ಜೊತೆಗೆ ಒಂದೇ ಕಿಣ್ವದ ಅಣು ನೂರಾರು, ಸಾವಿರಾರು ಶೋಧಕಗಳನ್ನು ಒಂದರ ಹಿಂದೊಂದು ಕಳಚುತ್ತಾ ಹೋಗುವುದರಿಂದ ಬೆಳಕು ಗುಣಿಸುತ್ತಾ ಹೋಗುತ್ತದೆ.

ಇಲ್ಲೇ ಒಂದು ತೊಡಕು. ಬಿಡುಗಡೆಯಾದ ಬೆಳಕಿನ ಅಣು ಅಲ್ಲೇ ನಿಲ್ಲಬೇಕೆಂಬ ನಿಯಮವಿಲ್ಲ. ಪಕ್ಕದ ಆರೋಗ್ಯವಂತ ಕೋಶಕ್ಕೆ ಹರಿದುಹೋದರೆ ಚಿತ್ರ ಕಲಸುತ್ತದೆ. ಉರಾನೊ ಅವರ ಅಣು ಕೋಶದೊಳಗೆ ಹೊಕ್ಕು ಲೈಸೊಸೋಮ್ ಎಂಬ ಆಮ್ಲೀಯ ಚೀಲಗಳಲ್ಲಿ ಶೇಖರವಾಗುವುದರಿಂದ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದೇ ಪ್ರಯೋಗಾಲಯದವರು ಬೀಟಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವಕ್ಕಾಗಿ ಮಾಡಿದ ಇನ್ನೊಂದು ಶೋಧಕದಲ್ಲಿ, ಸಕ್ಕರೆಯ ತುಣುಕು ಕಳಚಿದಾಗ ಕ್ವಿನೋನ್ ಮೆಥೈಡ್ ಎಂಬ ಚುರುಕಾದ ರಚನೆ ಹುಟ್ಟಿ ಹತ್ತಿರದ ಪ್ರೋಟೀನುಗಳನ್ನು ಹಿಡಿದುಕೊಂಡು ಅಲ್ಲೇ ಬೇರೂರುತ್ತದೆ. ಸ್ಟ್ಯಾನ್‌ಫರ್ಡಿನ ಮ್ಯಾಥ್ಯೂ ಬೋಗ್ಯೊ ಹಿಡಿದ ದಾರಿ ಇನ್ನೂ ಬಿಗಿಯಾದದ್ದು: ಅವರ ಶೋಧಕ ಕಿಣ್ವದ ಕ್ರಿಯಾಕೇಂದ್ರಕ್ಕೇ ಬಿಡಿಸಲಾಗದಂತೆ ಬೆಸೆದುಕೊಳ್ಳುತ್ತದೆ, ಬೆಸೆಯುವಾಗ ಕ್ವೆಂಚರ್ ಉದುರಿಹೋಗುತ್ತದೆ. ಬಾಯಿ ಕಟ್ಟಿದ ಕಿಣ್ವಕ್ಕೆ ಅದು ಅಂಟಲಾರದು, ಆದ್ದರಿಂದ ಹೊಳೆದದ್ದೆಲ್ಲ ದುಡಿಯುವ ಕಿಣ್ವವೇ. ಆ ಮೇಲೆ ಅಂಗಾಂಶವನ್ನು ಅರೆದು ಜೆಲ್ ಮೇಲೆ ಓಡಿಸಿದರೆ ಯಾವ ಪ್ರೋಟೀನಿಗೆ ಅಂಟಿದೆ ಎಂದು ತೂಕ ಸಮೇತ ತಿಳಿಯುತ್ತದೆ. ಆದರೆ ಒಂದು ಕಿಣ್ವಕ್ಕೆ ಒಂದೇ ಬೆಳಕಿನ ಅಣು, ಗುಣಾಕಾರವಿಲ್ಲ. ಹೊಳೆದ ಕಿಣ್ವ ಅಲ್ಲಿಗೆ ಸತ್ತಂತೆ. ಬೇಗ ಮತ್ತು ಪ್ರಖರವಾಗಿ ಕಾಣಬೇಕೋ, ನಿಖರವಾಗಿ ತಿಳಿಯಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಯಾವ ಪ್ರೋಟೀನಿನಿಂದ ಬೆಳಕು ಬಂತು ಎಂದು ಬೆರಳಿಟ್ಟು ತೋರಿಸಲು ಆಗುತ್ತದೆ ಎಂಬ ಒಂದೇ ಕಾರಣಕ್ಕೆ, ಹೊಸ ಕಿಣ್ವವೊಂದರ ಅಧ್ಯಯನಕ್ಕೆ ನಾನು ಬೋಗ್ಯೊ ಅವರ ದಾರಿಯನ್ನೇ ಮೊದಲು ಹಿಡಿಯುತ್ತೇನೆ.

ಇನ್ನು ಬಣ್ಣದ ಮಾತು. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿಯಿರಿ. ಬಿಳಿ ಬೆಳಕಿನಲ್ಲಿ ಕೆಂಪು ಮಾತ್ರ ಕೈಯನ್ನು ದಾಟಿ ಬರುತ್ತದೆ, ಏಕೆಂದರೆ ನೀಲಿ ಹಸಿರುಗಳನ್ನು ಹಿಮೋಗ್ಲೋಬಿನ್ ನುಂಗುತ್ತದೆ. ಸುಮಾರು 650ರಿಂದ 900 ನ್ಯಾನೋಮೀಟರ್ ನಡುವೆ ರಕ್ತವೂ ನೀರೂ ಬೆಳಕನ್ನು ಕಡಿಮೆ ನುಂಗುತ್ತವೆ. ನಾವು ದೇಹದೊಳಗೆ ಇಣುಕುವ ಕಿಟಕಿ ಅದು. ಹಸಿರು ಬೆಳಕಿನ ಶೋಧಕವನ್ನು ಸಿಂಪಡಿಸಿಯೇ ನೋಡಬೇಕು, ಮೇಲ್ಮೈ ಬಿಟ್ಟರೆ ಅದಕ್ಕೆ ಗತಿಯಿಲ್ಲ. ಸೈ 5.5ರಂಥ ಕಡುಗೆಂಪು, ಅವಕೆಂಪು ಬಣ್ಣಗಳು ಇಲಿಯ ಚರ್ಮದಾಚೆಯಿಂದಲೂ ಕಾಣುತ್ತವೆ. ಇಲಿ ತೆಳ್ಳಗಿರುವ ಪ್ರಾಣಿ ಎಂಬುದನ್ನು ಮರೆಯಬಾರದು. ಮನುಷ್ಯನ ಯಕೃತ್ತಿನ ಆಳದ ಗಡ್ಡೆಯನ್ನು ಹೊರಗೆ ನಿಂತು ಹೀಗೆ ನೋಡಲು ಸಾಧ್ಯವಿಲ್ಲ.

ಕಿಟಕಿಯಲ್ಲಿ ಕಂಡದ್ದೆಲ್ಲ ನಿಜವಲ್ಲ ಎಂಬ ಪಾಠ ನನಗೆ ಒಂದು ಚಳಿಗಾಲದ ಸಂಜೆ ಆಯಿತು. ಪ್ರೋಟೀಸ್ ಶೋಧಕ ಚುಚ್ಚಿದ್ದ ಇಲಿಯ ಹೊಟ್ಟೆ ಪರದೆಯ ಮೇಲೆ ಜಗ್ಗನೆ ಬೆಳಗಿತು. ಕರುಳಿನಲ್ಲಿ ಉರಿಯೂತ ಕಂಡಿದ್ದೇವೆ ಎಂದು ನಾವು ಮೂವರೂ ಸಂಭ್ರಮಿಸಿದೆವು. ಮರುದಿನ ನಮ್ಮ ಹಿರಿಯ ತಂತ್ರಜ್ಞೆಯೊಬ್ಬರು ಏನನ್ನೂ ಚುಚ್ಚದ ಇಲಿಯೊಂದನ್ನು ತಂದು ಅದೇ ಯಂತ್ರದಲ್ಲಿಟ್ಟರು. ಅದರ ಹೊಟ್ಟೆಯೂ ಹಾಗೆಯೇ ಬೆಳಗಿತು. ಇಲಿಗಳ ಸಾಮಾನ್ಯ ಆಹಾರದ ಉಂಡೆಗಳಲ್ಲಿ ಆಲ್ಫಾಲ್ಫಾ, ಅಂದರೆ ನಮ್ಮ ಕುದುರೆಮೆಂತೆ ಇರುತ್ತದೆ. ಅದರ ಹರಿತ್ತು ಕರುಳಿನಲ್ಲಿ ಕುಳಿತು ಇದೇ ಕಡುಗೆಂಪಿನಲ್ಲಿ ಹೊಳೆಯುತ್ತದೆ. ಕೆಲವು ದಿನ ಆ ಸೊಪ್ಪಿಲ್ಲದ ಆಹಾರ ಕೊಟ್ಟು ಮತ್ತೆ ನೋಡಿದಾಗ ನಾವು ಸಂಭ್ರಮಿಸಿದ್ದ ಬೆಳಕಿನ ಬಹುಪಾಲು ಇರಲಿಲ್ಲ. ಅಂದಿನಿಂದ ನನ್ನ ಬಳಿಗೆ ಬರುವ ಪ್ರತಿ ವಿದ್ಯಾರ್ಥಿಗೂ ಮೊದಲು ಕೇಳುವುದು, ಇಲಿ ಏನು ತಿಂದಿದೆ ಎಂದು.

ಹೀಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಬೆಳಕನ್ನು ನಂಬಬೇಡಿ, ಅದನ್ನು ಪಾಟೀಸವಾಲಿಗೆ ಒಳಪಡಿಸಿ. ಮೊದಲನೆಯದಾಗಿ, ಆ ಕಿಣ್ವವನ್ನೇ ತಡೆಯುವ ಪ್ರತಿಬಂಧಕವನ್ನು ಮುಂಚೆ ಕೊಟ್ಟು ಆ ಮೇಲೆ ಶೋಧಕ ಕೊಡಿ. ಬೆಳಕು ಆರಬೇಕು. ಆ ಕಿಣ್ವದ ಜೀನನ್ನೇ ತೆಗೆದ ಇಲಿ ಸಿಕ್ಕರೆ ಅದರಲ್ಲೂ ಆರಬೇಕು. ಪ್ರತಿಬಂಧಕಗಳೂ ಪಕ್ಕದ ಕಿಣ್ವಗಳನ್ನು ತಡೆಯಬಲ್ಲವು, ಆದ್ದರಿಂದ ಎರಡೂ ಬೇಕು. ಕೆಥೆಪ್ಸಿನ್ ಬಿ, ಎಲ್, ಎಸ್ ಇವುಗಳ ರುಚಿ ಒಂದನ್ನೊಂದು ಹೋಲುತ್ತದೆ. ಒಂದಕ್ಕೆಂದು ಕಟ್ಟಿದ ಪೆಪ್ಟೈಡನ್ನು ಇನ್ನೊಂದು ಸಲೀಸಾಗಿ ಕತ್ತರಿಸುತ್ತದೆ. ನನಗೆ ತುಂಬ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಶೋಧಕದ ಪೆಪ್ಟೈಡನ್ನು ಅದೇ ಅಮೈನೊ ಆಮ್ಲಗಳ ಕನ್ನಡಿ ಬಿಂಬಗಳಿಂದ, ಅಂದರೆ ಡಿ ರೂಪಗಳಿಂದ ಕಟ್ಟುವುದು. ತೂಕ, ಬಣ್ಣ, ನೀರಿನಲ್ಲಿ ಕರಗುವ ಗುಣ ಎಲ್ಲವೂ ಒಂದೇ. ಆದರೆ ಕಿಣ್ವಕ್ಕೆ ಅದು ಬೀಗಕ್ಕೆ ಹೊಂದದ ಕೀಲಿಕೈ. ಈ ಜೋಡಿಯಲ್ಲಿ ಎರಡೂ ಹೊಳೆದರೆ ನಿಮ್ಮ ಬೆಳಕಿಗೂ ಕಿಣ್ವಕ್ಕೂ ಸಂಬಂಧವಿಲ್ಲ.

ಪ್ರಮಾಣದ ಗೊಂದಲವೂ ಇದೆ. ಗಡ್ಡೆಗಳ ರಕ್ತನಾಳಗಳು ಸೋರುತ್ತವೆ, ಅಲ್ಲಿಗೆ ಶೋಧಕವೇ ಹೆಚ್ಚು ಬಂದು ಸೇರಿ ಬೆಳಕು ಹೆಚ್ಚಿದಂತೆ ಕಾಣಬಹುದು. ಕಿಣ್ವ ಮುಟ್ಟಿದರೂ ಮುಟ್ಟದಿದ್ದರೂ ಬದಲಾಗದ ಎರಡನೆಯ ಬಣ್ಣವೊಂದನ್ನು ಅದೇ ಶೋಧಕಕ್ಕೆ ಜೋಡಿಸಿ, ಎರಡು ಬಣ್ಣಗಳ ಅನುಪಾತ ನೋಡಿದರೆ ಈ ಮೋಸ ಬಯಲಾಗುತ್ತದೆ. ಆಮ್ಲೀಯತೆಯೂ ಮೋಸ ಮಾಡುತ್ತದೆ: ಫ್ಲೋರೆಸೀನ್ ಆಮ್ಲೀಯ ಲೈಸೊಸೋಮಿನಲ್ಲಿ ಮಂಕಾಗುತ್ತದೆ. ಪ್ರಾಣಿಯೂ ಮೋಸ ಮಾಡುತ್ತದೆ: ಇಲಿಯ ರಕ್ತದ್ರವದಲ್ಲಿ ಎಸ್ಟರ್ ಬಂಧ ಒಡೆಯುವ ಕಾರ್ಬಾಕ್ಸಿಲ್ ಎಸ್ಟರೇಸ್ ಎಂಬ ಕಿಣ್ವ ದಂಡಿಯಾಗಿದೆ, ಮನುಷ್ಯನ ರಕ್ತದ್ರವದಲ್ಲಿ ಅದಿಲ್ಲ. ಎಸ್ಟರ್ ಬಂಧವುಳ್ಳ ಶೋಧಕ ಇಲಿಯಲ್ಲಿ ಗುರಿ ತಲುಪುವ ಮುಂಚೆಯೇ ಒಡೆದುಹೋಗಿ ಕೈಬಿಟ್ಟದ್ದು, ಮನುಷ್ಯನಲ್ಲಿ ಚೆನ್ನಾಗಿಯೇ ನಡೆದೀತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಕೋಶದೊಳಗೆ ಎಲ್ಲಿ? ಒಂದೇ ಕಿಣ್ವ ಹಲವು ಕೋಣೆಗಳಲ್ಲಿದ್ದರೆ, ಹೆಚ್ಚು ಇರುವ ಕೋಣೆಯ ಬೆಳಕು ಕಡಿಮೆ ಇರುವ ಕೋಣೆಯದನ್ನು ಮುಚ್ಚಿಹಾಕುತ್ತದೆ. ಇದಕ್ಕೆ ಸಿಕ್ಕ ಉತ್ತರದ ಬೇರು ಬೆಂಗಳೂರಿನಲ್ಲಿದೆ ಎಂದು ಹೇಳಲು ನನಗೆ ಹೆಮ್ಮೆ. ಯಮುನಾ ಕೃಷ್ಣನ್ ಅವರು ಇಲ್ಲಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿದ್ದಾಗ ಡಿಎನ್‌ಎ ಎಳೆಗಳಿಂದಲೇ ಪುಟ್ಟ ಸಾಧನಗಳನ್ನು ಕಟ್ಟಿ, 2011ರಲ್ಲಿ ಜೀವಂತ ದುಂಡುಹುಳುವಿನ ಕೋಶಗಳೊಳಗಿನ ಆಮ್ಲೀಯತೆಯನ್ನು ಅಳೆದು ತೋರಿಸಿದರು. ಆ ಮೇಲೆ ಷಿಕಾಗೋ ವಿಶ್ವವಿದ್ಯಾಲಯದಿಂದ 2019ರಲ್ಲಿ ಅವರ ತಂಡ ಇದೇ ಬಗೆಯ ಸಾಧನವನ್ನು ಎಂಡೊಸೋಮ್ ಎಂಬ ಕೋಣೆಗೆ ಮಾತ್ರ ಹೋಗುವಂತೆ ವಿಳಾಸ ಬರೆದು ಕಳುಹಿಸಿ, ಅಲ್ಲಿ ಡೈಸಲ್ಫೈಡ್ ಬಂಧಗಳನ್ನು ಮುರಿಯುವ ಕೆಲಸವನ್ನು ಪ್ರತ್ಯೇಕವಾಗಿ ನೋಡಿತು. ಎಂಡೊಸೋಮಿನಲ್ಲಿ ಅತ್ಯಲ್ಪವಾಗಿರುವ ಥಯೋರೆಡಾಕ್ಸಿನ್ ಎಂಬ ಕಿಣ್ವ ಅಲ್ಲಿ ನಿಜವಾಗಿ ದುಡಿಯುತ್ತಿತ್ತು. ಅದನ್ನು ತಗ್ಗಿಸಿದಾಗ ಹುಳುಗಳು ಡಿಫ್ತೀರಿಯಾ ಬ್ಯಾಕ್ಟೀರಿಯಾದ ಸೋಂಕಿನಿಂದ ರಕ್ಷಣೆ ಪಡೆದವು. ಹಾಜರಿ ಪುಸ್ತಕದಲ್ಲಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ ಇದ್ದ ಕಿಣ್ವ ಸೋಂಕಿನ ಫಲಿತಾಂಶವನ್ನೇ ಬದಲಿಸಿತು.

ಮನುಷ್ಯರ ವಿಷಯಕ್ಕೆ ಬರೋಣ. ಗ್ಲಯೋಮ ಎಂಬ ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ 5-ಅಮೈನೊಲೆವ್ಯುಲಿನಿಕ್ ಆಮ್ಲ ಕುಡಿಸುವುದು ಯುರೋಪಿನಲ್ಲಿ 2007ರಿಂದ, ಅಮೆರಿಕದಲ್ಲಿ 2017ರಿಂದ ಅನುಮತಿ ಪಡೆದಿದೆ. ಗಡ್ಡೆಯ ಕೋಶಗಳ ಕಿಣ್ವಗಳೇ ಅದನ್ನು ಕೆಂಪಾಗಿ ಹೊಳೆಯುವ ಪ್ರೊಟೊಪಾರ್ಫಿರಿನ್ ಆಗಿ ಮಾರ್ಪಡಿಸುತ್ತವೆ. ನೀವು ಕೇಳುವ ಅರ್ಥದ, ಕಿಣ್ವ ಕತ್ತರಿಸಿದರೆ ಹೊಳೆಯುವ ಶೋಧಕಕ್ಕೆ ಅನುಮತಿ ಸಿಕ್ಕಿದ್ದು 2024ರ ಏಪ್ರಿಲ್‌ನಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ. ಅದರ ಹೆಸರು ಪೆಗುಲಿಸಯಾನಿನ್, ಮಾರಾಟದ ಹೆಸರು ಲ್ಯೂಮಿಸೈಟ್. ಸ್ತನದ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಎರಡರಿಂದ ಆರು ಗಂಟೆ ಮುಂಚೆ ರಕ್ತನಾಳಕ್ಕೆ ಕೊಡುತ್ತಾರೆ. ಗಡ್ಡೆ ತೆಗೆದ ಮೇಲೆ ಉಳಿದ ಕುಳಿಯ ಗೋಡೆಗಳನ್ನು ಕೈಯಲ್ಲಿ ಹಿಡಿಯುವ ಕ್ಯಾಮೆರಾದಿಂದ ನೋಡುತ್ತಾರೆ. ಕೆಥೆಪ್ಸಿನ್‌ನಂಥ ಪ್ರೋಟೀಸ್‌ಗಳು ಚುರುಕಾಗಿರುವಲ್ಲಿ ಹೊಳಪು ಕಾಣುತ್ತದೆ.

ಇದರ ಫಲಿತಾಂಶಗಳನ್ನು ನೀವು ಕಣ್ಣು ತೆರೆದು ಓದಬೇಕು. 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಈ ಬೆಳಕಿನ ನೆರವು ಪಡೆದ 357 ಮಹಿಳೆಯರ ಪೈಕಿ 27 ಮಂದಿಯಲ್ಲಿ, ಅಂದರೆ ಶೇ. 7.6 ಮಂದಿಯಲ್ಲಿ, ಸಾಮಾನ್ಯ ಶಸ್ತ್ರಚಿಕಿತ್ಸೆಯ ನಂತರವೂ ಉಳಿದಿದ್ದ ಕ್ಯಾನ್ಸರ್ ಸಿಕ್ಕಿತು. ಆ 27 ಮಂದಿಗೆ ಅದು ದೊಡ್ಡ ಮಾತು. ಆದರೆ ಅಂಚುಗಳ ಲೆಕ್ಕದಲ್ಲಿ ನಿರ್ದಿಷ್ಟತೆ, ಅಂದರೆ ಕ್ಯಾನ್ಸರ್ ಇಲ್ಲದ ಅಂಚು ಹೊಳೆಯದೆ ಉಳಿಯುವ ಪ್ರಮಾಣ, ಶೇ. 85.2 ಇದ್ದರೆ, ಸಂವೇದನೆ ಶೇ. 49.3 ಮಾತ್ರ, ಮೊದಲೇ ನಿಗದಿ ಮಾಡಿದ್ದ ಮಟ್ಟವನ್ನು ಅದು ಮುಟ್ಟಲಿಲ್ಲ. ಕ್ಯಾನ್ಸರ್ ಇರುವ ಅಂಚುಗಳಲ್ಲಿ ಅರ್ಧದಷ್ಟು ಹೊಳೆಯಲಿಲ್ಲ ಎಂದು ಇದರ ಅರ್ಥ. ಕೆಲವರಲ್ಲಿ ತೀವ್ರ ಅಲರ್ಜಿ ಕಂಡದ್ದರಿಂದ ಔಷಧದ ಮೇಲೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಮುದ್ರಿತವಾಗಿದೆ. ಹೊಳೆದದ್ದು ಕ್ಯಾನ್ಸರ್ ಅಲ್ಲದೇ ಹೋಗಲು ಕಾರಣವೂ ಗೊತ್ತಿರುವಂಥದ್ದೇ: ಕೆಥೆಪ್ಸಿನ್ ಕ್ಯಾನ್ಸರ್ ಕೋಶಗಳ ಸ್ವತ್ತಲ್ಲ, ಗಡ್ಡೆಯ ಸುತ್ತ ನೆರೆಯುವ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳಲ್ಲೂ ಅದು ಧಾರಾಳವಾಗಿದೆ. ಉರಿಯೂತವೂ ಹೊಳೆಯುತ್ತದೆ. ಜಿಜಿಟಿಯೂ ಅಷ್ಟೆ, ಮೂತ್ರಪಿಂಡದಲ್ಲಿ ಅದು ಸಹಜವಾಗಿಯೇ ಹೆಚ್ಚು, ಕೆಲವು ಗಡ್ಡೆಗಳಲ್ಲಿ ಕಡಿಮೆ. "ಕ್ಯಾನ್ಸರ್ ಇರುವ ಜಾಗ ಮಾತ್ರ ಹೊಳೆಯುತ್ತದೆ" ಎಂಬ ಸುದ್ದಿಯಲ್ಲಿ ನಾನು ಒಪ್ಪದ ಪದ ಆ "ಮಾತ್ರ".

ನಮ್ಮ ದೇಶಕ್ಕೆ ಇನ್ನೂ ಹತ್ತಿರದ ಉಪಯೋಗ ಕ್ಷಯರೋಗದಲ್ಲಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇದ್ದಾರೆ. ಕಫದ ಪರೀಕ್ಷೆಯಲ್ಲಿ ಬಳಸುವ ಹಳೆಯ ಬಣ್ಣ ಬದುಕಿದ ಬ್ಯಾಕ್ಟೀರಿಯಾಕ್ಕೂ ಸತ್ತದ್ದಕ್ಕೂ ಅಂಟುತ್ತದೆ, ಹಾಗಾಗಿ ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಕಷ್ಟ. 2018ರಲ್ಲಿ ಮಿರೆಯ್ ಕಮರಿಜಾ ಮತ್ತು ಕ್ಯಾರೊಲಿನ್ ಬರ್ಟೊಜ್ಜಿ ಅವರ ತಂಡ ಟ್ರೆಹಲೋಸ್ ಎಂಬ ಸಕ್ಕರೆಗೆ ಬಣ್ಣ ಜೋಡಿಸಿತು. ಬದುಕಿರುವ ಬ್ಯಾಕ್ಟೀರಿಯಾದ ಕಿಣ್ವಗಳು ಅದನ್ನು ತಮ್ಮ ಮೇಣದ ಹೊರಪದರಕ್ಕೆ ಸೇರಿಸಿಕೊಂಡಾಗ ಮಾತ್ರ, ಆ ನೀರಿಲ್ಲದ ಪರಿಸರದಲ್ಲಿ, ಅದು ಹೊಳೆಯುತ್ತದೆ. ಹೊಸಬರು ಯಾವ ಸಮಸ್ಯೆ ಆರಿಸಿಕೊಳ್ಳಲಿ ಎಂದು ಕೇಳಿದಾಗ ನಾನು ಗಡ್ಡೆಗಿಂತ ಮೊದಲು ಕ್ಷಯದ ಕಡೆಗೆ ಕೈ ತೋರಿಸುತ್ತೇನೆ.

ಕಡೆಯದಾಗಿ ನಿಮ್ಮ ಕಾಲೇಜಿನ ಪ್ರಯೋಗ. ಫ್ಲೋರೆಸೀನ್ ಡೈಅಸಿಟೇಟ್ ಬಳಸಿ. ಇದು ಮೇಲೆ ಹೇಳಿದ ಉಂಗುರ ಮುಚ್ಚಿದ ಜಾತಿಯದೇ. ಕೋಶದೊಳಗಿನ ಎಸ್ಟರೇಸ್‌ಗಳು ಎರಡು ಅಸಿಟೇಟ್ ತುಣುಕುಗಳನ್ನು ಕಳಚಿದರೆ ಹಸಿರಾಗಿ ಹೊಳೆಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳ ಚಟುವಟಿಕೆ ಅಳೆಯಲು ಕೃಷಿ ವಿಜ್ಞಾನಿಗಳು ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಅಸಿಟೋನಿನಲ್ಲಿ ಕರಗಿಸಿ ತಂಪಿನಲ್ಲಿಡಿ. ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ಸುಮಾರು 7.6 ಪಿಎಚ್ ಇರುವ ಫಾಸ್ಫೇಟ್ ಬಫರಿನಲ್ಲಿ ಕಲಸಿ ಮೂರು ಕೊಳವೆಗಳನ್ನು ಸಿದ್ಧಮಾಡಿ: ಒಂದರಲ್ಲಿ ಜೀವಂತ ಯೀಸ್ಟ್, ಇನ್ನೊಂದರಲ್ಲಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತಣಿಸಿದ ಯೀಸ್ಟ್, ಮೂರನೆಯದರಲ್ಲಿ ಬಫರ್ ಮಾತ್ರ. ಮೂರಕ್ಕೂ ಒಂದೊಂದು ಹನಿ ಹಾಕಿ, ಅರ್ಧ ಗಂಟೆ ಬಿಟ್ಟು, ನೀಲಿ ಎಲ್‌ಇಡಿ ಬೆಳಕಿನಲ್ಲಿ ಹಳದಿ ಗಾಜಿನ ಹಾಳೆಯ ಮೂಲಕ ನೋಡಿ. ಮೂರನೆಯ ಕೊಳವೆಯೂ ನಿಧಾನವಾಗಿ ಹೊಳೆಯತೊಡಗುತ್ತದೆ, ಏಕೆಂದರೆ ನೀರಿನಲ್ಲಿ ಈ ಅಣು ತಾನಾಗಿಯೂ ಅಷ್ಟಿಷ್ಟು ಒಡೆಯುತ್ತದೆ. ಅದೆಷ್ಟು ಎಂದು ಗಡಿಯಾರ ಹಿಡಿದು ಬರೆದಿಡಿ, ಮೊದಲ ಕೊಳವೆಯ ಲೆಕ್ಕದಿಂದ ಅದನ್ನು ಕಳೆಯಬೇಕು. ಕೊನೆಗೆ ಚೆನ್ನಾಗಿ ಹೊಳೆಯುತ್ತಿರುವ ಮೊದಲ ಕೊಳವೆಗೆ ನಿಂಬೆರಸವನ್ನು ಹನಿಹನಿಯಾಗಿ ಹಾಕುತ್ತಾ ಹೋಗಿ. ಬೆಳಕು ನಿಮ್ಮ ಕಣ್ಣೆದುರೇ ಕುಂದುತ್ತದೆ, ಚಿಟಿಕೆ ಅಡುಗೆ ಸೋಡಾ ಹಾಕಿದೊಡನೆ ಮರಳುತ್ತದೆ. ಈ ಎರಡು ಕ್ಷಣಗಳ ನಡುವೆ ಕಿಣ್ವದ ಪಾತ್ರ ಏನೂ ಇಲ್ಲ.